ಐವತ್ತಕ್ಕೆ ಬರುವ ಕಾಗದ

ಹೋದ ತಿಂಗಳು ಗೋಥೆನ್‌ಬರ್ಗ್‌ನ ನಮ್ಮ ಗೆಳೆಯರೊಬ್ಬರು ಲಕೋಟೆ ಹಿಡಿದು ಮನೆಗೆ ಬಂದರು. ‘ಟ್ಯಾಕ್ಸ್‌ನೋರ ಕಾಗದ ಇರಬೇಕು ಸಾರ್, ಓದಿ ಹೇಳಿ’ ಅಂದರು. ನಾವು ಲೆಕ್ಕ ಬರೆಯುವವರು, ನಮ್ಮ ಹತ್ತಿರ ಬರೋದೆಲ್ಲ ಅಂಥವೇ. ಒಡೆದು ನೋಡಿದರೆ ತೆರಿಗೆಯದಲ್ಲ, ಐವತ್ತು ತುಂಬಿದ ಗಂಡಸರಿಗೆ ಪ್ರಾಸ್ಟೇಟ್ ಪರೀಕ್ಷೆಯ ಕರೆ. ಮೂರು ತಿಂಗಳಿಂದ ಫ್ರಿಜ್ ಮೇಲೆ ಬಿದ್ದಿತ್ತಂತೆ!

ಪ್ರಾಸ್ಟೇಟ್ ಎಂದರೆ ಗಂಡಸರ ಮೂತ್ರಚೀಲದ ಕೆಳಗಿರುವ, ದೊಡ್ಡ ನೆಲ್ಲಿಕಾಯಿಯಷ್ಟಿರುವ ಗ್ರಂಥಿ. ಅದರಲ್ಲಿ ಹುಟ್ಟುವ ಕ್ಯಾನ್ಸರ್ ಶುರುವಿನಲ್ಲಿ ನೋವನ್ನೂ ಕೊಡುವುದಿಲ್ಲ, ಸುಳಿವನ್ನೂ ಕೊಡುವುದಿಲ್ಲ. ರಕ್ತದಲ್ಲಿ ಪಿ.ಎಸ್.ಎ. ಎಂಬ ಪ್ರೋಟೀನ್ ಎಷ್ಟಿದೆ ಎಂದು ಅಳೆದರೆ ಸುಳಿವು ಸಿಗಬಹುದು.

ಇದರ ಜಮಾ-ಖರ್ಚು ಹಾಕಿದ್ದು ಇದೇ ಗೋಥೆನ್‌ಬರ್ಗ್. 1930ರಿಂದ 1944ರ ನಡುವೆ ಹುಟ್ಟಿದ 20,000 ಗಂಡಸರನ್ನು ಎರಡು ಪಾಲು ಮಾಡಿ, 1995ರಿಂದ ಒಂದು ಪಾಲಿನವರನ್ನು ಮಾತ್ರ ಎರಡು ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆದರು. 14 ವರ್ಷಗಳ ಲೆಕ್ಕ 2010ರಲ್ಲಿ ಪ್ರಕಟವಾಯಿತು. ಈ ಕ್ಯಾನ್ಸರಿನಿಂದ ಸತ್ತವರು ಕರೆದವರಲ್ಲಿ 44, ಕರೆಯದವರಲ್ಲಿ 78.

ಇದು ಜಮಾ. ಖರ್ಚಿನ ಪುಟವೂ ಇದೆ. ಒಂದು ಜೀವ ಉಳಿಸಲು ಹೆಚ್ಚುವರಿಯಾಗಿ ಸುಮಾರು 12 ಮಂದಿಗೆ ‘ನಿಮಗೆ ಕ್ಯಾನ್ಸರ್’ ಎಂದು ಹೇಳಬೇಕಾಯಿತು. ಅವರಲ್ಲಿ ಎಷ್ಟೋ ಮಂದಿಯ ರೋಗ ಆಮೆ ನಡಿಗೆಯದು, ಸಾಯುವತನಕ ತೊಂದರೆ ಕೊಡದಂಥದು. ಆಪರೇಷನ್ ಆದರೆ ಮೂತ್ರ ಸೋರಬಹುದು, ದಾಂಪತ್ಯ ಸುಖ ತಪ್ಪಬಹುದು. ಅದಕ್ಕೇ ಇಲ್ಲಿನ ಸೋಶಿಯಲ್‌ಸ್ಟೈರೆಲ್ಸೆನ್ 2018ರಲ್ಲಿ ಎಲ್ಲರಿಗೂ ಪರೀಕ್ಷೆ ಮಾಡಿ ಎನ್ನಲಿಲ್ಲ. ಬದಲಿಗೆ 2020ರಿಂದ ಪಶ್ಚಿಮ ಯೋತಾಲ್ಯಾಂಡ್, ಸ್ಕೋನೆ ಪ್ರದೇಶಗಳು ಐವತ್ತರ ಗಂಡಸರಿಗೆ ಎರಡೂ ಕಡೆಯ ಮಾತು ತಿಳಿಸಿ ಕಾಗದ ಕಳಿಸತೊಡಗಿದವು. ಆಮೇಲೆ ಬೇರೆ ಪ್ರದೇಶಗಳೂ ಸೇರಿದವು. ತೀರ್ಮಾನ ನಮ್ಮದು.

ಈಗ ಖರ್ಚೂ ಇಳಿದಿದೆ. ಅಂಕಿ 3 ದಾಟಿದರೆ ಮೊದಲು ಎಂ.ಆರ್.ಐ. ಅದರಲ್ಲಿ ಅನುಮಾನ ಬಂದರೆ ಮಾತ್ರ ಸೂಜಿ ಚುಚ್ಚಿ ಚೂರು ತೆಗೆಯುವುದು. ಹೀಗೆ ಮಾಡಿದರೆ ಬೇಡದ ಪತ್ತೆ ಅರ್ಧದಷ್ಟು ಕಡಿಮೆಯಾಗುತ್ತದೆ ಎಂದು 2022ರಲ್ಲಿ ಗೋಥೆನ್‌ಬರ್ಗ್‌ನವರೇ ತೋರಿಸಿದರು. ಅಂಕಿ ಏರಿತೆಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಮೂತ್ರದ ಸೋಂಕಿಗೂ, ವಯಸ್ಸಿಗೆ ಗ್ರಂಥಿ ಊದಿಕೊಂಡರೂ ಏರುತ್ತದೆ.

ಕಾಗದ ಅರ್ಥವಾಗದಿದ್ದರೆ ಎಸೆಯಬೇಡಿ, 1177ಕ್ಕೆ ಫೋನ್ ಮಾಡಿ ಕೇಳಿ. ವೈದ್ಯರ ಭೇಟಿಗೆ ದುಭಾಷಿ ಬೇಕೆಂದು ಮೊದಲೇ ಹೇಳಿ. ತಂದೆಗೋ ಅಣ್ಣನಿಗೋ ಈ ಕ್ಯಾನ್ಸರ್ ಬಂದಿದ್ದರೆ ಕಾಗದಕ್ಕೆ ಕಾಯದೆ ವೈದ್ಯರಿಗೆ ತಿಳಿಸಿ.

ಗೆಳೆಯರು ಎರಡು ದಿನ ಯೋಚಿಸಿ, ಮನೆಯವರ ಜೊತೆ ಮಾತಾಡಿ, ರಕ್ತ ಕೊಟ್ಟು ಬಂದರು. ಅಂಕಿ 3ರ ಒಳಗಿತ್ತು.

ಊರಿನಲ್ಲಿ ಅಪ್ಪಂದಿರಿಗೆ ಇಂಥ ಕಾಗದ ಬರುವುದಿಲ್ಲ. ರಾತ್ರಿ ನಾಲ್ಕು ಸಲ ಏಳುತ್ತಾರೆ, ಕೇಳಿದರೆ ‘ವಯಸ್ಸಾಯ್ತಲ್ಲಪ್ಪಾ’ ಅಂತಾರೆ. ಹೆಚ್ಚಾಗಿ ಅದು ವಯಸ್ಸಿನದೇ. ಆದರೂ ಕಳೆದ ಭಾನುವಾರದ ಫೋನಿನಲ್ಲಿ ನಾವು ಸಂಕೋಚ ಬಿಟ್ಟು ಕೇಳಿದೆವು. ಮುಂದಿನ ವಾರ ತಮ್ಮ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ನೀವೂ ಒಮ್ಮೆ ಕೇಳಿ.