ಹಳೆಯ ಕಾರಿನ ಮೂಲ ದಾಖಲೆಗಳು: ಹುಡುಕುವ ಬಗೆ

ತಂದೆಯವರೋ ಅಜ್ಜನವರೋ ಅಕ್ಕರೆಯಿಂದ ಕೊಂಡ ಕಾರೊಂದು ಹಿತ್ತಲಿನ ಷೆಡ್ಡಿನಲ್ಲಿ ತಾಡಪಾಲು ಹೊದ್ದು ನಿಂತಿರುವ ದೃಶ್ಯವು ನಮ್ಮ ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ಗುಜರಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಓಡಿಸೋಣವೆಂದರೆ ಬಿಡಿಭಾಗಗಳು ದೊರೆಯುವುದಿಲ್ಲ. ಇಂತಹ ಸಂದರ್ಭದಲ್ಲಿ ಗ್ಯಾರೇಜಿನ ಮೇಸ್ತ್ರಿ "ಹೇಗೋ ಹೊಂದಿಸಿ ಕೊಡುತ್ತೇನೆ" ಎಂದು ಭರವಸೆ ನೀಡುವುದುಂಟು. ಆಸನದ ಬಟ್ಟೆಯನ್ನೋ ಬಾಗಿಲಿನ ಹಿಡಿಯನ್ನೋ ಹಾಗೆ ಹೊಂದಿಸಿದರೆ ಅಷ್ಟೇನೂ ಬಾಧಕವಿಲ್ಲ. ಆದರೆ ಬ್ರೇಕು ಮತ್ತು ಸ್ಟೀರಿಂಗಿನ ವಿಷಯದಲ್ಲಿ "ಹೇಗೋ" ಎಂಬ ಮಾತು ಮನೆಮಂದಿಯ ಪ್ರಾಣಕ್ಕೇ ಸಂಚಕಾರವಾಗಬಲ್ಲದು. ಆದ್ದರಿಂದ ಪಾನಾ ಹಿಡಿಯುವ ಮೊದಲು ಕಾಗದ ಹುಡುಕುವುದೇ ವಿವೇಕ.

ಒಂದೇ ಹೆಸರು, ಹಲವು ಕಾರು

ಉದಾಹರಣೆಗೆ ಮಾರಿಸ್ ಮೈನರ್ ಕಾರನ್ನು ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ಎಂಬ ತಂತ್ರಜ್ಞರು ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಬೆಳಕು ಕಂಡಿತು. ಬ್ರಿಟನ್ನಿನ ಕಾರುಗಳಲ್ಲಿ ಹತ್ತು ಲಕ್ಷದ ಗಡಿಯನ್ನು ಮೊದಲು ದಾಟಿದ ಕೀರ್ತಿ ಇದರದು. ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಇದನ್ನೇ "ಬೇಬಿ ಹಿಂದೂಸ್ಥಾನ್" ಎಂಬ ಹೆಸರಿನಿಂದ ನಮ್ಮ ದೇಶದಲ್ಲಿಯೂ ಹೊರತಂದಿತ್ತು.

ಇದರ ವಿನ್ಯಾಸದ ಕಥೆ ಸ್ವಾರಸ್ಯಕರವಾಗಿದೆ. ಉತ್ಪಾದನೆಗೆ ಮುನ್ನ ಮಾದರಿ ಕಾರು ತೀರ ಇಕ್ಕಟ್ಟಾಗಿ ಕಂಡಿತು. ಇಸಿಗೋನಿಸ್ ಅವರು ಅದನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಹೋಳುಗಳನ್ನು ದೂರ ಸರಿಸಿ ನೋಡಿ, 4 ಅಂಗುಲ ಅಗಲ ಹೆಚ್ಚಿಸಲು ನಿರ್ಧರಿಸಿದರು. ಬಾನೆಟ್ಟಿನ ನಡುವಿನ ಪಟ್ಟಿ ಅದರ ಗುರುತು. ಅಷ್ಟರಲ್ಲಿ ತಯಾರಾಗಿದ್ದ ಬಂಪರುಗಳನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಲಾಯಿತು. ಈ ಸಂಗತಿಯನ್ನು ಅರಿಯದವರು ಮೊದಮೊದಲಿನ ಕಾರಿನ ತೇಪೆ ಹಾಕಿದ ಬಂಪರನ್ನು "ಅಸಲಿಯಲ್ಲ" ಎಂದು ಕಿತ್ತೆಸೆದರೆ, ಅಸಲಿಯನ್ನೇ ಕಳೆದುಕೊಂಡಂತಾಗುತ್ತದೆ!

ಹೆಸರು ಒಂದೇ ಆದರೂ ಒಳಭಾಗ ಕಾಲಕಾಲಕ್ಕೆ ಬದಲಾಯಿತು. ಪ್ರಾರಂಭದಲ್ಲಿ 918 ಸಿ.ಸಿ. ಇಂಜಿನ್ ಇತ್ತು. 1952ರಲ್ಲಿ 803 ಸಿ.ಸಿ.ಯ ಹೊಸ ಬಗೆಯ ಇಂಜಿನ್ ಬಂದಿತು. 1956ರಲ್ಲಿ ಅದು 948 ಸಿ.ಸಿ. ಆಯಿತು, ಎರಡು ತುಂಡಿನ ಮುಂಗಾಜಿನ ಬದಲು ಒಂದೇ ಗಾಜು ಬಂದಿತು. 1962ರಲ್ಲಿ 1098 ಸಿ.ಸಿ.ಗೆ ಏರಿದಾಗ ಮುಂದಿನ ಬ್ರೇಕ್ ಡ್ರಮ್ 7 ಅಂಗುಲದಿಂದ 8 ಅಂಗುಲಕ್ಕೆ ಹಿಗ್ಗಿತು. "ಮಾರಿಸ್ ಮೈನರಿನ ಬ್ರೇಕ್ ಶೂ ಕೊಡಿ" ಎಂದಷ್ಟೇ ಕೇಳಿದರೆ ಅಂಗಡಿಯವರು ಯಾವುದನ್ನು ಕೊಟ್ಟಾರು? ವರ್ಷ, ಚಾಸಿ ನಂಬರು, ಇಂಜಿನ್ ನಂಬರು ಇವು ಮೂರನ್ನೂ ಹೇಳಲೇಬೇಕು.

ಬೋಲ್ಟುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅಂದಿನ ಬ್ರಿಟಿಷ್ ಕಾರುಗಳಲ್ಲಿ ಅಂಗುಲದ ಅಳತೆಯೇ ಬಳಕೆಯಲ್ಲಿತ್ತು. 5/16 ಅಂಗುಲವೆಂದರೆ 7.94 ಮಿ.ಮೀ.; ಕಣ್ಣಿಗೆ 8 ಮಿ.ಮೀ. ಬೋಲ್ಟಿನಂತೆಯೇ ತೋರುತ್ತದೆ. ಆದರೆ ಥ್ರೆಡ್ಡಿನ ಅಂತರ ಬೇರೆ. ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳಾಗಿ, ಬಿಗಿಯಾದಂತೆ ಕಂಡ ಬೋಲ್ಟು ದಾರಿಯಲ್ಲಿ ಕೈಕೊಡುತ್ತದೆ.

ನಾಲ್ಕು ಬಗೆಯ ಕಾಗದಗಳು

ಹುಡುಕಬೇಕಾದ ದಾಖಲೆಗಳು ನಾಲ್ಕು ಬಗೆಯವು. ಮೊದಲನೆಯದು ಕಾರಿನೊಡನೆ ಮಾಲೀಕರಿಗೆ ಕೊಡುತ್ತಿದ್ದ ಕೈಪಿಡಿ. ಎಣ್ಣೆ, ಗಾಳಿ, ದಿನನಿತ್ಯದ ಆರೈಕೆಯ ವಿವರ ಅದರಲ್ಲಿರುತ್ತದೆ. ಎರಡನೆಯದು ರಿಪೇರಿ ಕೈಪಿಡಿ; ಬಿಚ್ಚುವ ಕ್ರಮ, ಬಿಗಿಯುವ ಬಲ, ಸವೆತದ ಮಿತಿ ಇದರಲ್ಲಿ ದೊರೆಯುತ್ತವೆ. ಮೂರನೆಯದು ಬಿಡಿಭಾಗಗಳ ಪಟ್ಟಿ. ಒಂದೊಂದು ಜೋಡಣೆಯನ್ನೂ ಬಿಡಿಸಿ ಹರಡಿದಂತೆ ಚಿತ್ರ ಬರೆದು, ಪ್ರತಿ ಭಾಗಕ್ಕೂ ಕಾರ್ಖಾನೆಯ ಸಂಖ್ಯೆಯನ್ನು ಮತ್ತು ಯಾವ ಚಾಸಿ ನಂಬರಿನಿಂದ ಅದು ಅನ್ವಯಿಸುತ್ತದೆ ಎಂಬುದನ್ನು ಅಲ್ಲಿ ಸೂಚಿಸಿರುತ್ತಾರೆ. ಸಾಮಾನ್ಯ ಮಾಲೀಕರಿಗೆ ಇದೇ ಅತ್ಯುಪಯುಕ್ತ.

ನಾಲ್ಕನೆಯದು ಕಾರ್ಖಾನೆಯ ಮೂಲ ನಕ್ಷೆ. ಅಳತೆ, ಅದರಲ್ಲಿ ಸಲ್ಲುವ ಹೆಚ್ಚು-ಕಡಿಮೆ, ಲೋಹದ ಜಾತಿ, ಹದಗೊಳಿಸುವ ವಿಧಾನ ಎಲ್ಲವೂ ನಕ್ಷೆಯಲ್ಲಿರುತ್ತವೆ. ಭಾಗವನ್ನು ಹೊಸದಾಗಿಯೇ ಲೇತಿನಲ್ಲಿ ಮಾಡಿಸಬೇಕಾದಾಗ ಇದು ಬೇಕು. ನಕ್ಷೆಯಿಲ್ಲದೆ ಸವೆದ ಭಾಗವನ್ನು ನೋಡಿ ನಕಲು ಮಾಡಿದರೆ ಸವೆತವನ್ನೂ ನಕಲು ಮಾಡಿದಂತೆಯೇ ಸರಿ.

ಎಲ್ಲಿ ದೊರೆಯುತ್ತವೆ?

ಇಂಗ್ಲೆಂಡಿನ ವಾರಿಕ್‌ಷೈರಿನ ಗೇಡನ್ ಎಂಬಲ್ಲಿ 1993ರಲ್ಲಿ ಆರಂಭವಾದ ವಾಹನ ಸಂಗ್ರಹಾಲಯವು 2016ರಿಂದ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಎಂಬ ಹೆಸರು ಪಡೆದಿದೆ. ಮಾರಿಸ್, ಆಸ್ಟಿನ್ ಮೊದಲಾದ ಕಂಪನಿಗಳ ದಾಖಲೆಗಳು ಅಲ್ಲಿನ ಭಂಡಾರದಲ್ಲಿವೆ. ಚಾಸಿ ನಂಬರು ತಿಳಿಸಿ ಶುಲ್ಕ ಕಟ್ಟಿದರೆ, ಉಳಿದುಬಂದಿರುವ ಕಾರ್ಖಾನೆಯ ಪುಸ್ತಕಗಳನ್ನು ನೋಡಿ, ಕಾರು ತಯಾರಾದ ದಿನ, ಮೂಲ ಬಣ್ಣ, ಇಂಜಿನ್ ಸಂಖ್ಯೆ, ರವಾನೆಯಾದ ಸ್ಥಳ ಇತ್ಯಾದಿಗಳ ಪ್ರಮಾಣಪತ್ರ ನೀಡುತ್ತಾರೆ. ಫಿಯೆಟ್ ಕಂಪನಿಯ ಇತಿಹಾಸ ಭಂಡಾರ ಇಟಲಿಯ ಟೂರಿನ್ ನಗರದಲ್ಲಿದೆ. ಮುಂಬಯಿಯಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿಯ ಮೂಲ ಫಿಯೆಟ್ 1100 ಆದುದರಿಂದ ನಮ್ಮವರಿಗೂ ಇದು ಸಂಬಂಧಿಸಿದ್ದೇ.

ನಮ್ಮ ಅಂಬಾಸಡರಿನ ಮೂಲ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಮಾಲಿಕೆ. ಆದರೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರ ಮೇ ತಿಂಗಳವರೆಗೆ ತಯಾರಾದ ಈ ಕಾರು ನಡುವೆ ಅನೇಕ ಮಾರ್ಪಾಟುಗಳನ್ನು ಕಂಡಿತು. 1992ರಲ್ಲಿ ಜಪಾನಿನ ಇಸುಜು ವಿನ್ಯಾಸದ ಇಂಜಿನ್ ಕೂಡ ಬಂದಿತು. ಆದ್ದರಿಂದ ಮೊದಲ ವರ್ಷಗಳ ಕಾರಿಗೆ ಇಂಗ್ಲೆಂಡಿನ ಪುಸ್ತಕ ನೆರವಾದೀತು. ಅನಂತರದವಕ್ಕೆ ಇಲ್ಲಿಯ ಬಿಡಿಭಾಗಗಳ ಪಟ್ಟಿಯೇ ಆಧಾರ. ಹಳೆಯ ಪುಸ್ತಕದಂಗಡಿ, ಬಾಗಿಲು ಮುಚ್ಚಿದ ಡೀಲರುಗಳ ಮನೆ, ವೃದ್ಧ ಮೇಸ್ತ್ರಿಗಳ ಪೆಟ್ಟಿಗೆ ಇವೇ ಅವುಗಳ ನೆಲೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹದಂತಹ ಕಡೆ ಅದೇ ಮಾದರಿಯ ಕಾರು ಕಂಡರೆ ಸೂಕ್ಷ್ಮವಾಗಿ ಗಮನಿಸುವುದೂ ಒಂದು ಪಾಠವೇ.

ಕಾನೂನಿನ ಮಾತು

2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ಪ್ರತ್ಯೇಕ ನಿಯಮ ರೂಪಿಸಿತು. ಮೂಲರೂಪದಲ್ಲಿ ಉಳಿದಿದ್ದು, ಚಾಸಿ, ಕವಚ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟಾಗದ ವಾಹನಕ್ಕೆ ಮಾತ್ರ ಈ ಮನ್ನಣೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ ಎಂದು ಗೊತ್ತುಪಡಿಸಲಾಯಿತು. "ಹೇಗೋ" ಬೇರೆ ಇಂಜಿನ್ ಕೂರಿಸಿದ ಕಾರು ಈ ಮನ್ನಣೆಯನ್ನು ಕಳೆದುಕೊಳ್ಳಬಹುದು. ಮೂಲ ದಾಖಲೆಗಳಿದ್ದರೆ ಮಾಲೀಕರ ಮಾತಿಗೆ ಬಲ ಬರುತ್ತದೆ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಮನೆಯ ಹಿರಿಯರು ತೀರಿಕೊಂಡ ಬಳಿಕ ಕಪಾಟು ಬರಿದುಮಾಡುವಾಗ ಎಣ್ಣೆ ಮೆತ್ತಿದ ಕೈಪಿಡಿ, ಹಳೆಯ ರಸೀದಿ, ಆರ್.ಸಿ. ಪುಸ್ತಕಗಳನ್ನು ರದ್ದಿಗೆ ಹಾಕದಿರಿ. ನಿಮಗೆ ಕಾರು ಬೇಡವಾದರೂ ಅದನ್ನು ಕೊಳ್ಳುವವರ ಕೈಗೆ ಆ ಕಾಗದಗಳನ್ನೂ ಒಪ್ಪಿಸಿರಿ. ಕೆಲಸ ಬಲ್ಲ ಹಳೆಯ ಮೇಸ್ತ್ರಿಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಷೆಡ್ಡಿಗೆ ಕರೆತಂದು, ಮಕ್ಕಳ ಕೈಯಲ್ಲಿ ಅವರ ಮಾತುಗಳನ್ನು ಬರೆಯಿಸಿಟ್ಟುಕೊಳ್ಳಿರಿ. ನಾಳೆ ಆ ಕಾರಿನ ಬ್ರೇಕನ್ನು ಒತ್ತುವವರಿಗೆ ಆ ಬರಹವೇ ಆಸರೆ.