ಬಚ್ಚಲ ನೀರು, ಹಿತ್ತಲ ಸೊಪ್ಪು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಹಿತ್ತಲಿದ್ದರೂ ಗಿಡವೇ ಇಲ್ಲ. ‘ಕುಡಿಯಲಿಕ್ಕೇ ನೀರಿಲ್ಲ, ಇನ್ನು ಗಿಡಕ್ಕೆ ಎಲ್ಲಿಂದ ತರೋಣ?’ ಎಂದು ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಕಡೆಯ ಗೃಹಿಣಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಈ ಭಾಗದ ಬಹುತೇಕ ಕಡೆ ವರ್ಷವಿಡೀ ಬೀಳುವ ಮಳೆ ಸುಮಾರು 500ರಿಂದ 650 ಮಿಲಿಮೀಟರ್ ಮಾತ್ರ. ಆದರೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು, ಸ್ನಾನದ ನೀರು ದಿನವೂ ಚರಂಡಿಗೆ ಹರಿದು ಹೋಗುತ್ತಿದೆಯಲ್ಲವೇ? ಮನೆಗೆ ಬೇಕಾದ ಸೊಪ್ಪಿನ ಬಹುಪಾಲನ್ನೂ ಒಂದಿಷ್ಟು ಹಣ್ಣನ್ನೂ ಆ ನೀರಿನಲ್ಲೇ ಬೆಳೆದುಕೊಳ್ಳಬಹುದು.

ಇದೇಕೆ ಇಷ್ಟು ಮುಖ್ಯ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ 65.5. ಬೇಗ ದಣಿವು, ಮೆಟ್ಟಿಲು ಹತ್ತಿದರೆ ಏದುಸಿರು, ಮಕ್ಕಳಿಗೆ ಪಾಠದಲ್ಲಿ ನಿರಾಸಕ್ತಿ ಇವೆಲ್ಲ ಇದರ ಲಕ್ಷಣಗಳು. ಬೇಸಿಗೆಯಲ್ಲಿ ತರಕಾರಿ ದುಬಾರಿಯಾದಾಗ ರೊಟ್ಟಿ, ಚಟ್ನಿಪುಡಿ, ತಿಳಿ ಸಾರಿನಲ್ಲೇ ಊಟ ಮುಗಿಯುತ್ತದೆ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ತಾಯಿಯ ತಟ್ಟೆಗಂತೂ ಪಲ್ಯ ಬರುವುದೇ ಅಪರೂಪ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟನ್ನೂ ಹಿತ್ತಲಲ್ಲೇ ಬೆಳೆಯುವುದು ಕಷ್ಟ. ಆದರೆ ದಿನಕ್ಕೊಂದು ಹಿಡಿ ಸೊಪ್ಪು, ಒಂದು ಲಿಂಬೆ, ಆಗೊಂದು ಈಗೊಂದು ಹಣ್ಣು ಖಂಡಿತ ಸಾಧ್ಯ.

ಯಾವ ಗಿಡ ನೆಡಬೇಕು?

ಕಡಿಮೆ ನೀರಿನ ಮನೆಗೆ ಮೊದಲ ಗಿಡ ನುಗ್ಗೆ. ಬೇರು ಬಿಟ್ಟ ಮೇಲೆ ಇದು ಬರವನ್ನೂ ತಾಳಿಕೊಳ್ಳುತ್ತದೆ. ಬಲಿತ ಕೊಂಬೆ ನೆಟ್ಟರೂ ಚಿಗುರುತ್ತದೆ. ಬೀಜದಿಂದ ಬೆಳೆಸುವವರಿಗೆ ಪಿಕೆಎಂ–1, ಭಾಗ್ಯ ಮುಂತಾದ ತಳಿಗಳಿವೆ. ಮೂರ್ನಾಲ್ಕು ಅಡಿ ಎತ್ತರಕ್ಕೆ ತುದಿ ಚಿವುಟುತ್ತಿದ್ದರೆ ಸೊಪ್ಪು ಕೈಗೆಟಕುತ್ತದೆ. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿರುವುದಕ್ಕಿಂತ ಇದು ಎರಡು ಪಟ್ಟಿಗೂ ಅಧಿಕ. ಕಣ್ಣಿಗೆ ಬೇಕಾದ ‘ಎ’ ಜೀವಸತ್ವವನ್ನು ಕೊಡುವ ಕ್ಯಾರೊಟಿನ್ ಕೂಡ ಹೇರಳ.

ನುಗ್ಗೆಯ ಜೊತೆಗೆ ಒಂದು ಕರಿಬೇವು, ಒಂದು ಲಿಂಬೆ, ಒಂದು ಪೇರಲ ಇರಲಿ. ಪೇರಲ ಹಣ್ಣಿನಲ್ಲಿ ‘ಸಿ’ ಜೀವಸತ್ವ ಕಿತ್ತಳೆಗಿಂತ ಮೂರು–ನಾಲ್ಕು ಪಟ್ಟು ಹೆಚ್ಚು. ಜಾಗವಿದ್ದರೆ ಬಾರೆ (ಎಲಚಿ), ದಾಳಿಂಬೆ ಹಾಕಿ. ಎರಡೂ ಒಣಹವೆಗೆ ಹೇಳಿಮಾಡಿಸಿದವು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ನೆಡುವುದು ನಮ್ಮ ಹಿರಿಯರ ರೂಢಿ, ಅದನ್ನು ಬಿಡಬೇಡಿ. ನುಗ್ಗೆಯ ತೆಳು ನೆರಳಿನಲ್ಲಿ ರಾಜಗಿರಿ (ದಂಟು), ಪುಂಡಿ, ಬಸಳೆ ಚೆನ್ನಾಗಿ ಬರುತ್ತವೆ. ಹಿತ್ತಲೇ ಇಲ್ಲದವರು ಆರೇಳು ಇಂಚು ಆಳದ ತೊಟ್ಟಿಯಲ್ಲಿ ಮೆಂತ್ಯ ಬಿತ್ತಬಹುದು. ಮೂರು–ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಆದರೆ ಕೀಟನಾಶಕದ ಹಳೆಯ ಡಬ್ಬಿಗಳನ್ನು ಕುಂಡಗಳಾಗಿ ಎಂದೂ ಬಳಸಬೇಡಿ.

ನೀರಿನ ಜಾಣತನ

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಲ್ಲ ಗಿಡಕ್ಕೂ ಉತ್ತಮ. ಸ್ನಾನದ ನೀರನ್ನು ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯ ಮೂಲಕ ಹಾಯಿಸಿ ಮರಗಳ ಬುಡಕ್ಕೆ ಬಿಡಿ. ಎಲೆಯ ಮೇಲೆ ಸುರಿಯಬೇಡಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಹಕ್ಕರಕಿಗೆ ಈ ನೀರು ಬೇಡವೇ ಬೇಡ. ಬಟ್ಟೆ ಒಗೆಯುವ ಯಂತ್ರದ ನೀರಿನಲ್ಲಿ ಕ್ಷಾರ ಹೆಚ್ಚು. ಮಗುವಿನ ಮಲದ ಬಟ್ಟೆ ಒಗೆದ ನೀರಿನಲ್ಲಿ ರೋಗಾಣುಗಳಿರುತ್ತವೆ. ಇವೆರಡನ್ನೂ ಗಿಡಕ್ಕೆ ಹಾಕಬಾರದು. ಬಳಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ಕೂಡಿಡಬೇಡಿ.

ಹೀರೆ, ಹಾಗಲದಂಥ ಬಳ್ಳಿಗಳಿಗೆ ಮಡಕೆ ಉಪಾಯ ಒಳ್ಳೆಯದು. ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂಳಿ, ಸುತ್ತಲೂ ನಾಲ್ಕು ಬೀಜ ಊರಿ, ತಿಳಿನೀರು ತುಂಬಿ ಬಾಯಿ ಮುಚ್ಚಿ. ನೀರು ಸ್ವಲ್ಪ ಸ್ವಲ್ಪವೇ ಜಿನುಗಿ ಬೇರಿಗೆ ತಲುಪುತ್ತದೆ. ಸೋಪಿನ ನೀರು ಹಾಕಿದರೆ ಮಡಕೆಯ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಬುಡದ ಸುತ್ತ ಒಣ ಎಲೆ, ಕಬ್ಬಿನ ರವದಿ ಹೊದಿಸಿದರೆ ತೇವ ಬೇಗ ಆರುವುದಿಲ್ಲ. ಏಪ್ರಿಲ್–ಮೇ ತಿಂಗಳ ಉರಿಬಿಸಿಲಿಗೆ ಜೋಳದ ದಂಟಿನ ಚಪ್ಪರ ಹಾಕಿ. ನೀರುಣಿಸುವುದು ಬೆಳಗ್ಗೆ ಅಥವಾ ಸಂಜೆ ಮಾತ್ರ.

ಮಾಳಿಗೆಯ ಮಳೆನೀರನ್ನೂ ಮರೆಯಬೇಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ 50 ಚದರ ಮೀಟರ್ ಮಾಳಿಗೆಯ ಮೇಲೆ 500 ಮಿ.ಮೀ. ಮಳೆಗೆ 25,000 ಲೀಟರ್! ಇಂಗಿ, ಆವಿಯಾಗಿ ಹೋದದ್ದನ್ನು ಕಳೆದರೂ ದೊಡ್ಡ ಗಂಟೇ ಸರಿ. ಆದರೆ ಶೇಖರಿಸಿದ ನೀರಿಗೆ ಬಿಗಿಯಾದ ಮುಚ್ಚಳವಿರಲಿ. ಬಳಕೆಯ ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ಒಣಗಿಸಿ. ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ನೀವೇ ಮನೆ ಕಟ್ಟಿಕೊಟ್ಟಂತೆ. ಹುಳುಬಾಧೆ ಕಂಡರೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ ಸಿಂಪಡಿಸಿ.

ತಟ್ಟೆಗೆ ಬಂದ ಮೇಲೆ

ಸೊಪ್ಪು ತಿಂದರೆ ರಕ್ತ ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿರುವುದು ಐದು ಮಿಲಿಗ್ರಾಂಗಿಂತ ಕಡಿಮೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಹೇಳುತ್ತದೆ. ಅದರಲ್ಲೂ ದೇಹ ಹೀರಿಕೊಳ್ಳುವುದು ಸ್ವಲ್ಪ ಪಾಲನ್ನು ಮಾತ್ರ. ಆದ್ದರಿಂದ ಗರ್ಭಿಣಿಯರು, ರಕ್ತಹೀನತೆ ಇರುವವರು ‘ಸೊಪ್ಪು ತಿನ್ನುತ್ತಿದ್ದೇನೆ’ ಎಂದು ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ ನಿಲ್ಲಿಸಬಾರದು.

ಇದ್ದ ಕಬ್ಬಿಣಾಂಶ ಚೆನ್ನಾಗಿ ಮೈಗೂಡಲು ದಾರಿಯಿದೆ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಲಿಂಬೆಹಣ್ಣು ಹಿಂಡಿ, ಇಲ್ಲವೇ ಊಟದ ಜೊತೆಗೇ ಪೇರಲ ತಿನ್ನಿ. ‘ಸಿ’ ಜೀವಸತ್ವ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಊಟದೊಡನೆ ಚಹಾ, ಕಾಫಿ ಬೇಡ. ಒಂದು ಗಂಟೆಯಾದರೂ ಬಿಡುವಿರಲಿ. ಸೊಪ್ಪನ್ನು ತೊಳೆದ ನಂತರ ಹೆಚ್ಚಿ, ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಅಗತ್ಯ, ಏಕೆಂದರೆ ಕ್ಯಾರೊಟಿನ್ ಮೈಗೂಡಲು ಜಿಡ್ಡು ಬೇಕು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಪಾಲಕ್, ದಂಟು, ಬಸಳೆಯ ವಿಷಯದಲ್ಲೂ, ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಎಲ್ಲ ಸೊಪ್ಪುಗಳ ವಿಷಯದಲ್ಲೂ ವೈದ್ಯರನ್ನು ಕೇಳಿಯೇ ಪ್ರಮಾಣ ನಿಗದಿ ಮಾಡಿಕೊಳ್ಳಬೇಕು.

ನಾಳೆ ಒಂದು ದಿನ ತರಕಾರಿ, ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡಿ. ಸಂಜೆಗೆ ಎಷ್ಟಾಯಿತೆಂದು ನೋಡಿದರೆ ಒಂದು ಮಡಿ ಸೊಪ್ಪಿಗೆ ನೀರಿದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ. ಮಡಿಯ ಮೊದಲ ಸೊಪ್ಪು ಕೊಯ್ದ ದಿನ ಪಲ್ಯವನ್ನು ಎಲ್ಲರಿಗೂ ಸಮನಾಗಿ ಬಡಿಸಿ, ಅಡುಗೆ ಮಾಡಿದವರ ತಟ್ಟೆಗೂ.