ಯಂತ್ರ ಗರಗಸಕ್ಕೆ ಹೊಸ ಬಾರ್, ಹೊಸ ಚೈನ್: ಕೊಳ್ಳುವ ಮುನ್ನ

ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಸೌದೆ ಒಟ್ಟಬೇಕಾದ ಹೊತ್ತಿನಲ್ಲಿಯೇ ಗರಗಸದ ಚೈನ್ ಸವೆದು ಕೈಕೊಡುವುದುಂಟು. ಆಗ ನಮ್ಮಲ್ಲಿ ಅನೇಕರು ಪೇಟೆಗೆ ಓಡಿ "ಹದಿನೆಂಟು ಇಂಚಿನ ಚೈನ್ ಕೊಡಿ" ಎನ್ನುತ್ತಾರೆ. ಮನೆಗೆ ತಂದು ನೋಡಿದರೆ ಅದು ಬಾರಿಗೆ ಕೂರುವುದಿಲ್ಲ. ಬಾರಿನ ಉದ್ದವೊಂದೇ ಸಾಲದು. ಮೂರು ಅಳತೆಗಳು ಹೊಂದಬೇಕು.

1. ಪಿಚ್: ಅಕ್ಕಪಕ್ಕದ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ಮಧ್ಯದಿಂದ ಮೂರನೆಯದರ ಮಧ್ಯದವರೆಗೆ ಅಳೆದು ಅರ್ಧ ಮಾಡಿರಿ. ಅಳತೆ 19 ಮಿ.ಮೀ. ಇದ್ದರೆ ಪಿಚ್ 3/8 ಇಂಚು, 16.5 ಮಿ.ಮೀ. ಇದ್ದರೆ 0.325 ಇಂಚು. ಎಂಜಿನ್ ಬದಿಯ ಹಲ್ಲುಗಾಲಿಯೂ ಬಾರಿನ ತುದಿಯ ಹಲ್ಲುಗಾಲಿಯೂ ಇದೇ ಪಿಚ್ಚಿನದಾಗಿರಬೇಕು. ಸಣ್ಣ ಯಂತ್ರಗಳ 3/8 ಇಂಚಿನ 'ಲೋ ಪ್ರೊಫೈಲ್' ಚೈನ್ ಬೇರೆ, ದೊಡ್ಡ ಯಂತ್ರಗಳದು ಬೇರೆ ಎಂಬುದನ್ನು ಮರೆಯಬಾರದು.

2. ಗೇಜ್: ಬಾರಿನ ಗಾಡಿಯೊಳಗೆ ಓಡುವ ಕೊಂಡಿಯ ದಪ್ಪ. 1.3, 1.5, 1.6 ಮಿ.ಮೀ. ಸಾಮಾನ್ಯ. ದಪ್ಪ ಹೆಚ್ಚಾದರೆ ಕೊಂಡಿ ಒಳಗೆ ಇಳಿಯದು. ಕಡಿಮೆಯಾದರೆ ಚೈನ್ ಅಲ್ಲಾಡಿ ಸೊಟ್ಟಗೆ ಕೊಯ್ಯುತ್ತದೆ.

3. ಒಳಕೊಂಡಿಗಳ ಸಂಖ್ಯೆ: ಹಳೆಯ ಚೈನಿನದನ್ನು ಎಣಿಸಿ ಬರೆದುಕೊಳ್ಳಿರಿ. ಒಂದೇ ಉದ್ದದ ಎರಡು ಬಾರುಗಳಿಗೆ ಬೇರೆ ಬೇರೆ ಸಂಖ್ಯೆ ಇರಬಹುದು.

ಈ ಅಂಕಿಗಳು ಸಾಮಾನ್ಯವಾಗಿ ಬಾರಿನ ಬುಡದಲ್ಲಿ ಅಚ್ಚಾಗಿರುತ್ತವೆ. ಮಾಸಿದ್ದರೆ ಹಳೆಯ ಬಾರು, ಚೈನು ಎರಡನ್ನೂ ಅಂಗಡಿಗೆ ಒಯ್ಯುವುದೇ ಲೇಸು.

ಬಾರನ್ನೂ ಬದಲಿಸಬೇಕೆ? ಹರಿತವಾದ ಹೊಸ ಚೈನ್ ಹಾಕಿದರೂ ಕೊಯ್ತ ಒಂದು ಪಕ್ಕಕ್ಕೆ ವಾಲಿದರೆ ದೋಷ ಬಾರಿನದೆಂದು ತಿಳಿಯಿರಿ. ಗಾಡಿಯ ಎರಡು ಅಂಚುಗಳು ಸಮನಾಗಿಲ್ಲದಿದ್ದರೆ ಚಪ್ಪಟೆ ಅರದಿಂದ ಉಜ್ಜಿ ಸರಿಪಡಿಸಬಹುದು. ಗಾಡಿ ಅಗಲವಾಗಿದ್ದರೆ, ಇಲ್ಲವೆ ಆಳ ಸವೆದು ಕೊಂಡಿಯ ತುದಿ ತಳಕ್ಕೆ ತಾಗುತ್ತಿದ್ದರೆ, ಬಾರನ್ನು ಬದಲಿಸಲೇಬೇಕು. ಸವೆದ ಬಾರಿಗಾಗಲಿ, ಸವೆದ ಹಲ್ಲುಗಾಲಿಗಾಗಲಿ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳು. ಚೈನ್ ಬದಲಿಸಿದಾಗಲೆಲ್ಲ ಬಾರನ್ನು ತಲೆಕೆಳಗು ಮಾಡಿ ಕೂರಿಸಿದರೆ ಎರಡೂ ಅಂಚು ಸಮವಾಗಿ ಸವೆಯುತ್ತವೆ.

ತೋಟದ ಸೌದೆಗೆ ಮೂಲೆ ದುಂಡಗಿರುವ 'ಸೆಮಿ ಚಿಸೆಲ್' ಹಲ್ಲಿನ ಚೈನ್ ಒಳ್ಳೆಯದು. ಚೂಪು ಮೂಲೆಯದು ಹಸಿಮರದಲ್ಲಿ ವೇಗವಾಗಿ ಕೊಯ್ದರೂ, ಮಣ್ಣು ಮೆತ್ತಿದ ಕಾಫಿ ಬೊಡ್ಡೆ, ಒಣಗಿದ ಗಟ್ಟಿಮರಗಳಲ್ಲಿ ಬೇಗ ಮೊಂಡಾಗುತ್ತದೆ.

ಯಂತ್ರ ಸಣ್ಣದಿದ್ದು ಬಾರು ಮಾತ್ರ ಉದ್ದವಿರಲಿ ಎಂಬ ಆಸೆ ಬೇಡ. ಎಂಜಿನ್ ಎಳೆಯಲಾರದೆ ಬಳಲುತ್ತದೆ. ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕ್ಷಣಾರ್ಧದಲ್ಲಿ ಮುಖದ ಕಡೆಗೆ ಚಿಮ್ಮುತ್ತದೆ. ಉದ್ದನೆಯ ಬಾರಿನ ತುದಿ ಕಣ್ಣಿಗೆ ಮರೆಯಾಗಿ ಮತ್ತೊಂದು ಕೊಂಬೆಗೆ ತಾಗುವುದು ಸುಲಭ. ಚಿಮ್ಮುವಿಕೆ ತಗ್ಗಿಸುವ ಚೈನ್ ದೊರೆತರೆ ಅದನ್ನೇ ಕೊಳ್ಳಿರಿ.

ಹೊಸ ಚೈನ್ ತೊಡಿಸಿ ಎಣ್ಣೆ ಹರಿಸಿ, ಸ್ವಲ್ಪ ಹೊತ್ತು ಹಗುರವಾಗಿ ಓಡಿಸಿ, ಎಂಜಿನ್ ನಿಲ್ಲಿಸಿ, ತಣಿದ ಬಳಿಕ ಬಿಗಿ ನೋಡಿರಿ. ಬಾರಿನ ಕೆಳಗೆ ಜೋತಿರಬಾರದು. ಕೈಗವಸು ತೊಟ್ಟು ಎಳೆದರೆ ಸಲೀಸಾಗಿ ಸರಿಯಬೇಕು. ಅಷ್ಟಾದ ಮೇಲೆ ಸೌದೆಗೆ ಕೈ ಹಾಕಿರಿ.